ಎಸ್-400 ಇದ್ದರೆ ಹಕ್ಕಿಯೂ ಒಳಗೆ ಬರಲ್ಲವೇ? ಸೇನೆಯ ವಾಯುರಕ್ಷಣೆ ಎಷ್ಟು ಸಜ್ಜಾಗಿದೆ ಎಂದು ಅಳೆಯುವ ಬಗೆ

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಒಂದರ ಹಿಂದೊಂದು ಓಡಾಡಿದವು. ಒಂದರ ಪ್ರಕಾರ ನಮ್ಮ ಬಳಿ ಎಸ್-400 ಇದೆ, ಅದು 400 ಕಿಲೋಮೀಟರ್ ದೂರದಿಂದಲೇ ಎಲ್ಲವನ್ನೂ ಹೊಡೆದು ಹಾಕುತ್ತದೆ, ಹಕ್ಕಿಯೂ ಒಳಗೆ ಬರಲಾರದು. ಇನ್ನೊಂದರ ಪ್ರಕಾರ ಪಂಜಾಬಿನ ಆದಂಪುರದಲ್ಲಿದ್ದ ಅದೇ ಎಸ್-400 ಅನ್ನು ಪಾಕಿಸ್ತಾನ ಧ್ವಂಸ ಮಾಡಿದೆ, ಇನ್ನು ನಮ್ಮ ಆಕಾಶಕ್ಕೆ ದಿಕ್ಕಿಲ್ಲ. ಎರಡನೆಯದು ಸುಳ್ಳೆಂದು ಸರ್ಕಾರ ಆಗಲೇ ಹೇಳಿತು. ಮೇ 13ರಂದು ಪ್ರಧಾನಿ ಆದಂಪುರ ವಾಯುನೆಲೆಗೆ ಹೋದಾಗ ತೆಗೆದ ಚಿತ್ರಗಳಲ್ಲಿ ಅವರ ಹಿಂದೆಯೇ ಎಸ್-400ರ ಲಾಂಚರ್ ನಿಂತಿತ್ತು. ಮೊದಲನೆಯ ಸಂದೇಶವನ್ನು ಪ್ರಶ್ನಿಸಿದವರು ಮಾತ್ರ ಕಡಿಮೆ. ಅದು ಕೇಳಲು ಹಿತವಾಗಿತ್ತಲ್ಲ!

ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡೂ ಸಂದೇಶಗಳು ಎಡವಿದ್ದು ಒಂದೇ ಜಾಗದಲ್ಲಿ. ಒಂದು ಆಯುಧ ಇದೆಯೋ ಇಲ್ಲವೋ ಎಂಬುದನ್ನು ನೋಡಿ ಇಡೀ ದೇಶದ ವಾಯುರಕ್ಷಣೆಗೆ ಅಂಕ ಕೊಟ್ಟುಬಿಡುತ್ತವೆ. ಸೇನೆಗಳು ತಮ್ಮನ್ನು ತಾವು ಅಳೆದುಕೊಳ್ಳುವುದು ಹಾಗಲ್ಲ.

ಸಿಂಧನೂರು, ಮಸ್ಕಿ ಕಡೆಯ ರೈತರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಡ್ಯಾಂನಲ್ಲಿ ಎಷ್ಟು ಟಿಎಂಸಿ ನೀರಿದೆ ಎಂಬುದು ಪೇಪರಿನಲ್ಲಿ ಬರುವ ಸುದ್ದಿ. ಎಡದಂಡೆ ಕಾಲುವೆಯ ಕೊನೆ ಭಾಗದ ಗದ್ದೆಗೆ, ನೆಲ್ಲು ತೆನೆ ಬಿಡುವ ಹೊತ್ತಿಗೆ ಸರಿಯಾಗಿ ನೀರು ಬಂತೇ ಎಂಬುದು ಬೇರೆಯೇ ಪ್ರಶ್ನೆ. ನಡುವೆ ಗೇಟಿದೆ, ಉಪಕಾಲುವೆ ಇದೆ, ತೂಬಿದೆ, ಗೇಜು ನೋಡುವವರಿದ್ದಾರೆ, ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ಎತ್ತಿಕೊಳ್ಳುವವರೂ ಇದ್ದಾರೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂ ತುಂಬಿಯೇ ಇತ್ತು, 33 ಕ್ರಸ್ಟ್ ಗೇಟುಗಳೂ ಇದ್ದವು. 19ನೇ ಗೇಟಿನ ಚೈನ್ ತುಂಡಾಯಿತು, ಗೇಟು ಕೊಚ್ಚಿಹೋಯಿತು, ನೀರು ನದಿ ಪಾಲಾಯಿತು.

ಸಂಯೋಜಿತ ವಾಯುರಕ್ಷಣೆ ಎಂದರೆ ಇಂಥದ್ದೇ ಒಂದು ಸರಪಳಿ. ಯುದ್ಧಭೂಮಿಯ ತುಕಡಿಗಳನ್ನು, ವಾಯುನೆಲೆಗಳನ್ನು, ಸೇತುವೆ ಮತ್ತು ವಿದ್ಯುತ್ ಸ್ಥಾವರಗಳನ್ನು ಶತ್ರುವಿನ ವಿಮಾನ, ಹೆಲಿಕಾಪ್ಟರ್, ಡ್ರೋನ್, ಕ್ಷಿಪಣಿಗಳಿಂದ ಕಾಯಲು ರೇಡಾರ್, ಸಂಪರ್ಕ ಜಾಲ, ನಿಯಂತ್ರಣ ಕೇಂದ್ರ, ಫಿರಂಗಿ, ಕ್ಷಿಪಣಿ ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ ನಡೆಸುವ ವ್ಯವಸ್ಥೆ. ಇದರ ಸಿದ್ಧತೆಯನ್ನು ಅಳೆಯುವವರು ಡ್ಯಾಂನ ನೀರು ನೋಡಿ ತೃಪ್ತರಾಗುವುದಿಲ್ಲ, ಕೊನೆ ಭಾಗಕ್ಕೆ ಹೋಗಿ ನೋಡುತ್ತಾರೆ.

ರಾಯಚೂರು ಜಿಲ್ಲೆಗೆ ಇದರಲ್ಲಿ ಏನು ಸಂಬಂಧ?

ಇದೆ. 2025ರ ಮೇ 7ಕ್ಕೆ ಕೇಂದ್ರ ಗೃಹ ಇಲಾಖೆ ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆಗೆ ಸೂಚಿಸಿದಾಗ, ಕರ್ನಾಟಕದಿಂದ ಆ ಪಟ್ಟಿಯಲ್ಲಿ ಬೆಂಗಳೂರು ಮತ್ತು ಕಾರವಾರದ ಜೊತೆ ರಾಯಚೂರೂ ಇತ್ತು. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇರುವುದೇ ಇದಕ್ಕೆ ಕಾರಣ. ಪಟ್ಟಿ ಹೊರಬಿದ್ದ ಕೂಡಲೇ "ರಾಯಚೂರಿನ ಮೇಲೆ ದಾಳಿ ಆಗುತ್ತದಂತೆ" ಎಂದು ಓದಿಕೊಳ್ಳುವುದು ಸುಲಭ. ಆದರೆ ಈ ಪಟ್ಟಿ ಗುಪ್ತಚರ ಎಚ್ಚರಿಕೆಯಲ್ಲ. ಯುದ್ಧ ನಡೆದರೆ ಯಾವ ಸ್ಥಳಗಳಿಗೆ ಪೆಟ್ಟು ಬಿದ್ದಾಗ ಸುತ್ತಲಿನ ಜನಜೀವನ ನಿಂತುಹೋಗುತ್ತದೆ ಎಂದು ಮೊದಲೇ ಗುರುತಿಸಿಟ್ಟ ಪಟ್ಟಿ.

ಸಿದ್ಧತೆಯ ಮೌಲ್ಯಮಾಪನವೂ ಶುರುವಾಗುವುದು ಈ ಪ್ರಶ್ನೆಯಿಂದಲೇ: ಏನನ್ನು ಕಾಯಬೇಕು? ನಮ್ಮ ಸುತ್ತಮುತ್ತಲೇ ಎಣಿಸಿ. ಶಕ್ತಿನಗರ ಇದೆ, ಯರಮರಸ್ ಸ್ಥಾವರ ಇದೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಇದೆ, ಅತ್ತ ನಾರಾಯಣಪುರ ಜಲಾಶಯ, ಇತ್ತ ತುಂಗಭದ್ರಾ. ಇವುಗಳಲ್ಲಿ ಪ್ರತಿಯೊಂದರ ಮಗ್ಗುಲಲ್ಲೂ ಒಂದೊಂದು ಕ್ಷಿಪಣಿ ತುಕಡಿ ನಿಲ್ಲಿಸುವಷ್ಟು ಸಾಮಗ್ರಿ ಜಗತ್ತಿನ ಯಾವ ಸೇನೆಯ ಬಳಿಯೂ ಇಲ್ಲ. ಹಾಗಾಗಿ ಯಾವುದು ಮೊದಲು, ಯಾವುದು ನಂತರ ಎಂದು ಬರೆದಿಟ್ಟುಕೊಳ್ಳಬೇಕು. ಆ ಆದ್ಯತೆಯ ಪಟ್ಟಿ ಇಲ್ಲದ ಸೇನೆಯ ಬಳಿ ಎಷ್ಟು ಆಯುಧವಿದ್ದರೂ ಅದು ಸಜ್ಜಾಗಿದೆ ಎನ್ನಲಾಗದು. ಸೇನೆಯ ಉಪಮುಖ್ಯಸ್ಥರಲ್ಲಿ ಒಬ್ಬರಾದ ಲೆಫ್ಟಿನೆಂಟ್ ಜನರಲ್ ರಾಹುಲ್ ಸಿಂಗ್ 2025ರ ಜುಲೈನಲ್ಲಿ ದೆಹಲಿಯ ಸಭೆಯೊಂದರಲ್ಲಿ, ಈ ಬಾರಿ ಜನವಸತಿ ಕೇಂದ್ರಗಳು ಅಷ್ಟಾಗಿ ಗುರಿಯಾಗಲಿಲ್ಲ, ಮುಂದಿನ ಸಲಕ್ಕೆ ಅದಕ್ಕೂ ಸಿದ್ಧವಾಗಿರಬೇಕು ಎಂಬರ್ಥದ ಮಾತು ಹೇಳಿದರು. ಇಷ್ಟು ನೇರವಾಗಿ ಸೇನೆಯೊಳಗಿನವರೇ ಮಾತಾಡುವುದು ಅಪರೂಪ. ಫಾರ್ವರ್ಡ್ ಮಾಡಲು ಯೋಗ್ಯವಾಗಿದ್ದ ಆ ಮಾತು ಹೆಚ್ಚು ದೂರ ಹೋಗಲಿಲ್ಲ.

ರೇಡಾರ್‌ಗೆ ಎಷ್ಟು ದೂರ ಕಾಣುತ್ತದೆ? ಫೋನಿನಲ್ಲೇ ಲೆಕ್ಕ ಹಾಕಿ

ಈಗ ಆ 400 ಕಿಲೋಮೀಟರಿನ ವಿಷಯ. ಎಸ್-400ರ ಅತಿ ದೂರದ ಕ್ಷಿಪಣಿಯ ವ್ಯಾಪ್ತಿ 400 ಕಿ.ಮೀ. ಎಂಬುದು ನಿಜ. ಆದರೆ ಕ್ಷಿಪಣಿ ಹೋಗಬಲ್ಲ ದೂರ ಬೇರೆ, ರೇಡಾರ್‌ಗೆ ಕಾಣುವ ದೂರ ಬೇರೆ. ಭೂಮಿ ಗುಂಡಗಿದೆ. ನೆಲದ ಮೇಲಿನ ರೇಡಾರ್‌ನ ಅಲೆಗಳು ಹೆಚ್ಚೂಕಡಿಮೆ ನೇರವಾಗಿ ಹೋಗುತ್ತವೆ, ಭೂಮಿಯ ಉಬ್ಬಿನ ಹಿಂದೆ ಅಡಗಿ ಬರುವುದು ಅವಕ್ಕೆ ಕಾಣದು.

ಲೆಕ್ಕ ಸುಲಭ. ರೇಡಾರ್ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆಯಿರಿ. ಹಾರುವ ವಸ್ತುವಿನ ಎತ್ತರದ ವರ್ಗಮೂಲವನ್ನೂ ತೆಗೆಯಿರಿ. ಎರಡನ್ನೂ ಕೂಡಿಸಿ 4.12ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್ ಲೆಕ್ಕದಲ್ಲಿ ಕಾಣುವ ದೂರ.

ಉದಾಹರಣೆಗಾಗಿ ಸಿಂಧನೂರಿನಲ್ಲಿ 10 ಮೀಟರ್ ಎತ್ತರದ ಕಂಬದ ಮೇಲೆ ಒಂದು ರೇಡಾರ್ ಇದೆ ಎಂದುಕೊಳ್ಳಿ. 10 ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನ ಅದಕ್ಕೆ ಸುಮಾರು 425 ಕಿ.ಮೀ. ದೂರದಿಂದಲೇ ಕಾಣಬಹುದು. ಅದೇ ವಿಮಾನ 100 ಮೀಟರಿಗೆ ಇಳಿದು ಬಂದರೆ 54 ಕಿ.ಮೀ., ಅಂದರೆ ಲಿಂಗಸುಗೂರಿನ ಹತ್ತಿರ ಬಂದಾಗ ಮಾತ್ರ. ಸಿಂಧನೂರಿನಿಂದ ಲಿಂಗಸುಗೂರು ನೇರ ಗೆರೆಯಲ್ಲಿ ಸುಮಾರು 50 ಕಿ.ಮೀ. 30 ಮೀಟರ್ ಎತ್ತರದಲ್ಲಿ ಬರುವ ಡ್ರೋನ್ ಲಿಂಗಸುಗೂರು ದಾಟಿ, ಮಸ್ಕಿ ಕಡೆಗೆ ಅರ್ಧ ದಾರಿ ಬರುವವರೆಗೂ ಕಾಣುವುದಿಲ್ಲ: 36 ಕಿ.ಮೀ. ಇನ್ನು ನೆಲ್ಲಿನ ಗದ್ದೆಗೆ ಎಣ್ಣೆ ಹೊಡೆಯುವ ಡ್ರೋನಿನ ಹಾಗೆ 5 ಮೀಟರಿನಲ್ಲಿ ಹಾರಿದರೆ 22 ಕಿ.ಮೀ., ಅಂದರೆ ಮಸ್ಕಿಯೂ ದಾಟಿ ಆಗಿರುತ್ತದೆ. ಇದೆಲ್ಲ ನೆಲ ಚಪ್ಪಟೆ ಎಂದುಕೊಂಡು ಹಾಕಿದ ಲೆಕ್ಕ. ಮಸ್ಕಿಯ ಬಂಡೆಗುಡ್ಡಗಳು ನಡುವೆ ಬಂದರೆ ದೂರ ಇನ್ನೂ ಕಡಿಮೆಯಾಗುತ್ತದೆ.

ದೂರವನ್ನು ಈಗ ಸಮಯಕ್ಕೆ ಬದಲಿಸಿ ನೋಡಿ. ಗಂಟೆಗೆ 900 ಕಿ.ಮೀ. ವೇಗದ ಕ್ರೂಸ್ ಕ್ಷಿಪಣಿ 36 ಕಿ.ಮೀ. ಬರಲು ಎರಡೂವರೆ ನಿಮಿಷವೂ ಬೇಡ. ಗಂಟೆಗೆ 180 ಕಿ.ಮೀ. ವೇಗದ ಡ್ರೋನ್ ಆದರೆ 12 ನಿಮಿಷ. ನೋಡುವುದು, ಗುರುತಿಸುವುದು, ಮೇಲಿನವರಿಗೆ ತಿಳಿಸುವುದು, ಅಪ್ಪಣೆ ಪಡೆಯುವುದು, ಹೊಡೆಯುವುದು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು.

ಆದ್ದರಿಂದಲೇ ಒಂದು ದೊಡ್ಡ ರೇಡಾರ್‌ಗಿಂತ ಒಂದರ ಕುರುಡು ಜಾಗವನ್ನು ಇನ್ನೊಂದು ತುಂಬುವ ಹಲವು ಸಣ್ಣ ರೇಡಾರ್‌ಗಳು ಬೇಕಾಗುತ್ತವೆ. ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿದ ಭರಣಿ, ಅಶ್ಲೇಷಾ ರೇಡಾರ್‌ಗಳು ಕೆಳಮಟ್ಟದಲ್ಲಿ ಬರುವುದನ್ನು ಹಿಡಿಯಲೆಂದೇ ಮಾಡಿದವು. ಇನ್ನೊಂದು ದಾರಿ ರೇಡಾರನ್ನೇ ಎತ್ತರಕ್ಕೆ ಒಯ್ಯುವುದು. ಮುದಗಲ್ ಕೋಟೆಯಲ್ಲಿ ಕಾವಲು ಬುರುಜನ್ನು ಗುಡ್ಡದ ನೆತ್ತಿಗೆ ಕಟ್ಟಿದವರಿಗೆ ಈ ವರ್ಗಮೂಲದ ಲೆಕ್ಕ ಗೊತ್ತಿರಲಿಕ್ಕಿಲ್ಲ, ಆದರೆ ವಿಷಯ ಗೊತ್ತಿತ್ತು. ಬೆಂಗಳೂರಿನ ಕ್ಯಾಬ್ಸ್ ಸಂಸ್ಥೆ ರೂಪಿಸಿದ ನೇತ್ರ ವಿಮಾನ ಇಂದಿನ ಬುರುಜು: ವಿಮಾನದ ಬೆನ್ನ ಮೇಲೆ ರೇಡಾರ್, ಮೇಲಿನಿಂದ ಕೆಳಗೆ ನೋಟ.

ಕಾಣುವುದರಲ್ಲೂ ಒಂದು ತೊಡಕಿದೆ. ರೇಡಾರ್‌ಗೆ ಮರ, ಗುಡ್ಡ, ಹಕ್ಕಿ, ಗಾಳಿ ವಿದ್ಯುತ್ ಯಂತ್ರದ ರೆಕ್ಕೆ ಎಲ್ಲವೂ ಕಾಣುತ್ತವೆ. ಪರದೆ ತುಂಬಿಹೋಗಬಾರದೆಂದು ಹಳೆಯ ರೇಡಾರ್‌ಗಳು ನಿಧಾನವಾಗಿ ಚಲಿಸುವುದನ್ನು ತಾವೇ ಅಳಿಸಿಹಾಕುತ್ತವೆ. ಕೊಕ್ಕರೆಯನ್ನು ಅಳಿಸುವ ಅದೇ ಜರಡಿ ನಿಧಾನಗತಿಯ ಸಣ್ಣ ಡ್ರೋನನ್ನೂ ಅಳಿಸಿಬಿಡಬಹುದು. ಹೊಸ ರೇಡಾರ್‌ಗಳು ತಿರುಗುವ ರೆಕ್ಕೆಯ ಸಣ್ಣ ಕಂಪನವನ್ನು ಹುಡುಕಿ ಡ್ರೋನನ್ನೂ ಹಕ್ಕಿಯನ್ನೂ ಬೇರೆ ಮಾಡುತ್ತವೆ, ಜೊತೆಗೆ ಕ್ಯಾಮೆರಾ, ಡ್ರೋನ್ ಹೊರಡಿಸುವ ರೇಡಿಯೊ ಸಂಕೇತ ಹಿಡಿಯುವ ಉಪಕರಣಗಳೂ ಇರುತ್ತವೆ. "ಹಕ್ಕಿಯೂ ಒಳಗೆ ಬರಲ್ಲ" ಎನ್ನುವ ಫಾರ್ವರ್ಡ್ ಬರೆದವರಿಗೆ ಹಕ್ಕಿಯೇ ದೊಡ್ಡ ತಲೆನೋವು ಎಂದು ಗೊತ್ತಿದ್ದಂತಿಲ್ಲ.

ಕಂಡದ್ದು ಯಾರದು?

ಈ ಪ್ರಶ್ನೆಗೆ ಉತ್ತರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ದೇಶದ ಉದಾಹರಣೆ ಇದೆ. 2019ರ ಫೆಬ್ರವರಿ 27ರ ಬೆಳಿಗ್ಗೆ, ಬಾಲಾಕೋಟ್ ದಾಳಿಯ ಮಾರನೇ ದಿನ, ಗಡಿಯಲ್ಲಿ ಭಾರತ ಮತ್ತು ಪಾಕಿಸ್ತಾನದ ಯುದ್ಧವಿಮಾನಗಳು ಎದುರುಬದುರಾಗಿದ್ದವು. ಅದೇ ಹೊತ್ತಿನಲ್ಲಿ ಶ್ರೀನಗರದ ವಾಯುನೆಲೆಯಿಂದ ಹೊರಟಿದ್ದ ನಮ್ಮ ಎಂಐ-17 ಹೆಲಿಕಾಪ್ಟರ್ ಬಡಗಾಂ ಬಳಿ ಬಿದ್ದಿತು. ಅದರಲ್ಲಿದ್ದ ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದನ್ನು ಹೊಡೆದದ್ದು ಶತ್ರುವಲ್ಲ, ನಮ್ಮದೇ ಸ್ಪೈಡರ್ ಕ್ಷಿಪಣಿ. ಅದು ದೊಡ್ಡ ತಪ್ಪು ಎಂದು ಆಗಿನ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡರು.

ಗಮನಿಸಿ: ಅಂದು ರೇಡಾರ್ ಕೆಲಸ ಮಾಡಿತ್ತು. ಕ್ಷಿಪಣಿಯೂ ಗುರಿ ತಪ್ಪಲಿಲ್ಲ. ಆಯುಧಗಳನ್ನಷ್ಟೇ ಎಣಿಸುವ ಫಾರ್ವರ್ಡ್‌ನ ಲೆಕ್ಕದಲ್ಲಿ ಅದು ನೂರಕ್ಕೆ ನೂರು. ಕೈಕೊಟ್ಟದ್ದು ನಡುವಿನ ಕೊಂಡಿ. ವಿಮಾನ ತಮ್ಮವರದೋ ಪರರದೋ ಎಂದು ತಿಳಿಸುವ ಸಂಕೇತ ವ್ಯವಸ್ಥೆ, ವಾಯುನೆಲೆಯ ಸಂಚಾರ ನಿಯಂತ್ರಕರು ಮತ್ತು ಕ್ಷಿಪಣಿ ತುಕಡಿಯ ನಡುವಿನ ಮಾತುಕತೆ. ವಾಯುರಕ್ಷಣೆಯಲ್ಲಿ ಸಿದ್ಧತೆ ಎಂದರೆ ಹೊಡೆಯುವ ಸಾಮರ್ಥ್ಯದಷ್ಟೇ ಹೊಡೆಯದೆ ತಡೆದುಕೊಳ್ಳುವ ಸಾಮರ್ಥ್ಯವೂ ಹೌದು. ಡ್ರೋನ್‌ಗಳ ಹಿಂಡು ಬರುತ್ತಿರುವಾಗ ಅದೇ ಆಕಾಶದಲ್ಲಿ ನಮ್ಮ ವಿಮಾನ, ನಮ್ಮ ಡ್ರೋನ್, ಕೆಲವೊಮ್ಮೆ ಪ್ರಯಾಣಿಕರ ವಿಮಾನವೂ ಇರುತ್ತದೆ.

ಈ ಕೊಂಡಿಯನ್ನು ಗಟ್ಟಿ ಮಾಡಲೆಂದೇ ಬಂದದ್ದು ಆಕಾಶ್‌ತೀರ್. ಹೆಸರು ಕೇಳಿ ಹಲವರು ಇದನ್ನು ಕ್ಷಿಪಣಿ ಎಂದುಕೊಂಡಿದ್ದಾರೆ, ಫಾರ್ವರ್ಡ್‌ಗಳಲ್ಲಿ ಕ್ಷಿಪಣಿಯ ಚಿತ್ರವನ್ನೇ ಹಾಕುತ್ತಾರೆ. ಅಲ್ಲ. ಇದು ಭೂಸೇನೆಯ ರೇಡಾರ್‌ಗಳು ಕಂಡದ್ದನ್ನೆಲ್ಲ ಒಂದೇ ಚಿತ್ರವಾಗಿ ಜೋಡಿಸಿ, ಯಾವ ಫಿರಂಗಿ ಅಥವಾ ಕ್ಷಿಪಣಿ ಯಾವುದನ್ನು ಹೊಡೆಯಬೇಕೆಂದು ಹಂಚಿಕೊಡುವ ಗಣಕ ಜಾಲ. 2023ರ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ ಇದಕ್ಕಾಗಿ ಬೆಂಗಳೂರು ಮೂಲದ ಬಿಇಎಲ್ ಜೊತೆ 1,982 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ವಾಯುಪಡೆಗೆ ಇದೇ ಬಗೆಯ, ಇನ್ನೂ ದೊಡ್ಡದಾದ ಐಎಸಿಸಿಎಸ್ ಎಂಬ ಜಾಲ ಮೊದಲಿನಿಂದ ಇದೆ, ಅದೂ ಬಿಇಎಲ್ ಕಟ್ಟಿದ್ದೇ. ಎರಡೂ ಒಂದಕ್ಕೊಂದು ಮಾತಾಡುವಂತೆ ಮಾಡಿದ್ದು ಮೇ 2025ರಲ್ಲಿ ಕೈಹಿಡಿಯಿತು. ಮೊದಲು ಫೋನಿನಲ್ಲಿ, ರೇಡಿಯೊದಲ್ಲಿ ಬಾಯಿಮಾತಿನಲ್ಲಿ ಹೇಳಿ, ನಕಾಶೆಯ ಮೇಲೆ ಗುರುತು ಹಾಕುತ್ತಿದ್ದ ಕೆಲಸವಿದು. ಮೇಲೆ ಹಾಕಿದ ಎರಡೂವರೆ ನಿಮಿಷದ ಲೆಕ್ಕವನ್ನು ಇಲ್ಲಿ ನೆನಪಿಸಿಕೊಳ್ಳಿ.

ಸೇನೆ ಮತ್ತು ವಾಯುಪಡೆ ಎರಡರ ಬಳಿಯೂ ವಾಯುರಕ್ಷಣೆಯ ಆಯುಧಗಳಿವೆ. ಅಪ್ಪಣೆ ಯಾರದು ಎಂಬ ತಕರಾರು ಹಳೆಯದು. 2020ರ ಜನವರಿಯಲ್ಲಿ ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಪ್ರತ್ಯೇಕ ವಾಯುರಕ್ಷಣಾ ಕಮಾಂಡ್‌ಗೆ ಪ್ರಸ್ತಾವ ಸಿದ್ಧಪಡಿಸಲು ಸೂಚಿಸಿದ್ದರು. ಆ ಕಮಾಂಡ್ ಆಗಲಿಲ್ಲ, ಆದರೆ ಯಂತ್ರಗಳು ಒಂದಾದವು. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಸಾಧನೆಯಲ್ಲ.

ಹೊಡೆಯುವುದು, ಮತ್ತೆ ಹೊಡೆಯಲು ಉಳಿದಿರುವುದು

ಹೊಡೆಯುವ ಆಯುಧಗಳದು ಪದರ ಪದರದ ವ್ಯವಸ್ಥೆ. ಹೊರಪದರದಲ್ಲಿ ಎಸ್-400, ಅದರೊಳಗೆ ಮಧ್ಯಮ ವ್ಯಾಪ್ತಿಯ ಎಂಆರ್‌ಸ್ಯಾಮ್, ಅದರೊಳಗೆ ಸುಮಾರು 25 ಕಿ.ಮೀ. ವ್ಯಾಪ್ತಿಯ ಆಕಾಶ್, ಕೊನೆಗೆ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು ಮತ್ತು ಫಿರಂಗಿಗಳು. ಮೇ 12ರ ಪತ್ರಿಕಾಗೋಷ್ಠಿಯಲ್ಲಿ ಲೆಫ್ಟಿನೆಂಟ್ ಜನರಲ್ ರಾಜೀವ್ ಘಾಯ್ ಇದನ್ನು ವಿವರಿಸಲು ಆಸ್ಟ್ರೇಲಿಯಾದ ಹಳೆಯ ವೇಗದ ಬೌಲರ್‌ಗಳಾದ ಲಿಲ್ಲೀ, ಥಾಮ್ಸನ್ ಜೋಡಿಯನ್ನು ನೆನೆದರು: ಒಬ್ಬನ ಕೈಯಿಂದ ತಪ್ಪಿಸಿಕೊಂಡರೆ ಇನ್ನೊಬ್ಬನ ಕೈಗೆ ಸಿಗುತ್ತೀರಿ.

ಮೇ 8 ಮತ್ತು 9ರ ನಡುವಿನ ರಾತ್ರಿ ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆ 300ರಿಂದ 400 ಡ್ರೋನ್‌ಗಳು ಬಂದವು ಎಂದು ಸೇನೆ ತಿಳಿಸಿತು. ಅಂಥ ದಾಳಿಗೆ ಎಸ್-400 ಬಳಸಿದರೆ ಎದುರಾಳಿಗೇ ಲಾಭ. ಅಗ್ಗದ ಡ್ರೋನ್ ಕಳಿಸಿ, ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಖರ್ಚು ಮಾಡಿಸಿ, ಜೊತೆಗೆ ರೇಡಾರ್ ಎಲ್ಲಿದೆ ಎಂಬುದನ್ನೂ ತಿಳಿದುಕೊಳ್ಳುವುದೇ ಅವರ ಉದ್ದೇಶ. ಆ ರಾತ್ರಿಗಳಲ್ಲಿ ಹೆಚ್ಚು ದುಡಿದದ್ದು 1960ರ ದಶಕದಲ್ಲಿ ನಮ್ಮ ಸೇನೆಗೆ ಬಂದ, ಸ್ವೀಡನ್ ಮೂಲದ 40 ಮಿಲಿಮೀಟರ್ ಎಲ್-70 ಫಿರಂಗಿ, ರಷ್ಯಾ ಮೂಲದ ಜೂ-23, ಶಿಲ್ಕಾ, ಮತ್ತು ಡ್ರೋನ್‌ನ ಸಂಪರ್ಕ ಕಡಿದು ಬೀಳಿಸುವ ಜಾಮರ್‌ಗಳು. ಎಲ್-70ಗೆ ಹೊಸ ಕ್ಯಾಮೆರಾ, ಹೊಸ ಗುರಿ ವ್ಯವಸ್ಥೆ ಜೋಡಿಸಲಾಗಿತ್ತು. ಅಜ್ಜನ ಕಾಲದ ನೇಗಿಲಿಗೆ ಹೊಸ ಕುಳ ಹಾಕಿದಂತೆ. ಹೊಸದು ಬಂದಿತೆಂದು ಹಳೆಯದನ್ನು ಗುಜರಿಗೆ ಹಾಕದೆ ಇದ್ದದ್ದೂ ಸಿದ್ಧತೆಯ ಭಾಗವೇ.

ಆದರೂ ಎಲ್ಲವೂ ತಡೆಯಲ್ಪಡಲಿಲ್ಲ. ಮೇ 9ರ ರಾತ್ರಿ ಪಂಜಾಬಿನ ಫಿರೋಜ್‌ಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಡ್ರೋನ್ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ಮೂವರು ಸುಟ್ಟ ಗಾಯಗೊಂಡರು. ಅವರಲ್ಲಿ ಒಬ್ಬ ಮಹಿಳೆ ಆಮೇಲೆ ತೀರಿಕೊಂಡರು. "ನೂರಕ್ಕೆ ನೂರು ತಡೆದೆವು" ಎನ್ನುವ ಸಂದೇಶವನ್ನು ಆ ಮನೆಯವರಿಗೆ ಕಳಿಸಲಾಗದು. ಹೊಡೆದುರುಳಿಸಿದ ಡ್ರೋನ್ ಕೂಡ ಗಾಳಿಯಲ್ಲಿ ಕರಗುವುದಿಲ್ಲ, ಚೂರುಗಳು ಎಲ್ಲೋ ಒಂದು ಕಡೆ ಬೀಳುತ್ತವೆ. ಯಾವ ದೇಶದ ವಾಯುರಕ್ಷಣೆಗೂ ಪೂರ್ಣ ತಡೆ ಎಂಬುದಿಲ್ಲ. 2019ರ ಸೆಪ್ಟೆಂಬರ್ 14ರಂದು ಸೌದಿ ಅರೇಬಿಯಾದ ಅಬ್‌ಖೈಖ್ ತೈಲ ಘಟಕದ ಮೇಲೆ ಡ್ರೋನ್ ಮತ್ತು ಕ್ರೂಸ್ ಕ್ಷಿಪಣಿಗಳು ಕೆಳಮಟ್ಟದಲ್ಲಿ ಬಂದೆರಗಿದಾಗ, ಅಮೆರಿಕದ ದುಬಾರಿ ಪೇಟ್ರಿಯಟ್ ವ್ಯವಸ್ಥೆಗಳನ್ನು ಕೊಂಡಿದ್ದ ಆ ದೇಶದ ತೈಲ ಉತ್ಪಾದನೆ ಒಂದೇ ದಿನದಲ್ಲಿ ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು.

ಆಯುಧ ಗೋದಾಮಿನಲ್ಲಿ ಇರುವುದಕ್ಕೂ ಬೇಕಾದ ಹೊತ್ತಿಗೆ ಕೆಲಸ ಮಾಡುವುದಕ್ಕೂ ಇರುವ ಅಂತರವನ್ನು ತೋರಿಸುವ ದಾಖಲೆ ನಮ್ಮಲ್ಲೇ ಇದೆ. 2017ರ ಜುಲೈನಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿ ವಾಯುಪಡೆಯ ಆಕಾಶ್ ಕ್ಷಿಪಣಿಗಳ ಬಗ್ಗೆ ಕಟುವಾಗಿತ್ತು. 2014ರ ಏಪ್ರಿಲ್‌ನಿಂದ ನವೆಂಬರ್ ನಡುವೆ ಹಾರಿಸಿ ನೋಡಿದ 20 ಕ್ಷಿಪಣಿಗಳಲ್ಲಿ 6 ವಿಫಲ, ಅಂದರೆ ನೂರಕ್ಕೆ 30. ನಿಗದಿಯಾಗಿದ್ದ ಆರು ನೆಲೆಗಳಲ್ಲಿ ಒಂದರಲ್ಲೂ ಕ್ಷಿಪಣಿ ವ್ಯವಸ್ಥೆ ನೆಲೆಗೊಂಡಿರಲಿಲ್ಲ, ಕಟ್ಟಡಗಳ ಕಾಮಗಾರಿ ಮುಗಿದಿರಲಿಲ್ಲ. ಅದೇ ಆಕಾಶ್ 2023ರ ಡಿಸೆಂಬರ್‌ನಲ್ಲಿ ಆಂಧ್ರದ ಸೂರ್ಯಲಂಕಾ ನೆಲೆಯಲ್ಲಿ ಒಂದೇ ಘಟಕದಿಂದ ಏಕಕಾಲಕ್ಕೆ ನಾಲ್ಕು ಗುರಿಗಳನ್ನು ಹೊಡೆಯಿತು, 2025ರಲ್ಲಿ ನಿಜ ದಾಳಿಯನ್ನು ಎದುರಿಸಿತು. ಸಿಎಜಿ ವರದಿಯನ್ನು ದೇಶದ್ರೋಹ ಎಂದವರೂ ಆಗ ಇದ್ದರು. ನನಗನಿಸುವಂತೆ, ತಪ್ಪನ್ನು ಎಣಿಸಿ ಬರೆದಿಟ್ಟ ಅಂಥ ವರದಿಗಳಿಲ್ಲದೆ ಯಾವ ಆಯುಧವೂ ಸುಧಾರಿಸುವುದಿಲ್ಲ.

ಉಳಿಯುವ ವಿಷಯಕ್ಕೆ ಬಂದರೆ, ಇಡೀ ವಾಯುರಕ್ಷಣೆಯ ಇತಿಹಾಸದಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಾಣುವ ಘಟನೆ ಇದು. 1991ರ ಕೊಲ್ಲಿ ಯುದ್ಧ, ಫೆಬ್ರವರಿ 25, ಸೌದಿಯ ಧಹ್ರಾನ್. ಪೇಟ್ರಿಯಟ್ ತುಕಡಿ ಸಜ್ಜಾಗಿ ನಿಂತಿತ್ತು. ಇರಾಕಿನ ಸ್ಕಡ್ ಕ್ಷಿಪಣಿ ಬಂದಾಗ ಪೇಟ್ರಿಯಟ್ ಹಾರಲೇ ಇಲ್ಲ, ಅಮೆರಿಕದ 28 ಸೈನಿಕರು ಸತ್ತರು. ಕಾರಣ ಗಡಿಯಾರ. ಅದರ ಗಣಕ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಗಣಕಗಳ ದ್ವಿಮಾನ ಪದ್ಧತಿಯಲ್ಲಿ 0.1 ಅನ್ನು ಪೂರ್ತಿಯಾಗಿ ಬರೆಯಲಾಗದು, ಹತ್ತನ್ನು ಮೂರರಿಂದ ಭಾಗಿಸಿದ ಹಾಗೆ ಬಾಲ ಉಳಿಯುತ್ತದೆ. ಆ ಬಾಲವನ್ನು ಕತ್ತರಿಸಿದ್ದರಿಂದ ಪ್ರತಿ ಎಣಿಕೆಗೂ ಕಣದಷ್ಟು ತಪ್ಪು ಸೇರುತ್ತಿತ್ತು. ಸತತ 100 ಗಂಟೆ ಚಾಲೂ ಇದ್ದ ಹೊತ್ತಿಗೆ ತಪ್ಪು 0.34 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಸಾಗುತ್ತದೆ. ರೇಡಾರ್ ತಪ್ಪು ಜಾಗದಲ್ಲಿ ನೋಡಿ ಏನೂ ಇಲ್ಲ ಎಂದುಕೊಂಡಿತು. ಯಂತ್ರವನ್ನು ಆಗಾಗ ಆಫ್ ಮಾಡಿ ಆನ್ ಮಾಡಿದ್ದರೂ ಸಾಕಿತ್ತು. ಸರಿಪಡಿಸಿದ ತಂತ್ರಾಂಶ ಧಹ್ರಾನ್ ತಲುಪಿದ್ದು ಮಾರನೇ ದಿನ.

ಹಾಗಾದರೆ ಅಳೆಯುವವರು ಏನು ಕೇಳುತ್ತಾರೆ?

ಮೇಲಿನ ಘಟನೆಗಳಿಂದಲೇ ಪ್ರಶ್ನೆಗಳು ಹುಟ್ಟುತ್ತವೆ. ಕಂಡ ಕ್ಷಣದಿಂದ ಗುಂಡು ಹಾರುವವರೆಗೆ ಎಷ್ಟು ಸೆಕೆಂಡ್? ಹತ್ತು ಲಾಂಚರ್‌ಗಳಲ್ಲಿ ಇಂದು ಬೆಳಿಗ್ಗೆ ಎಷ್ಟು ಕೆಲಸ ಮಾಡುತ್ತಿವೆ, ಎಷ್ಟು ಬಿಡಿಭಾಗಕ್ಕಾಗಿ ಕಾಯುತ್ತಿವೆ? ಮೂರನೇ ರಾತ್ರಿಗೂ ಗುಂಡು ಉಳಿದಿರುತ್ತದೆಯೇ? ನಿಯಂತ್ರಣ ಕೇಂದ್ರದ ಸಂಪರ್ಕ ಕಡಿದರೆ ಕೆಳಗಿನ ತುಕಡಿ ತಾನೇ ತೀರ್ಮಾನಿಸಬಲ್ಲದೇ? ಜನರೇಟರ್ ನಿಂತರೆ? ನಿದ್ದೆಗೆಟ್ಟ ಸೈನಿಕ ಐದನೇ ರಾತ್ರಿಯಲ್ಲೂ ಹೆಲಿಕಾಪ್ಟರ್ ಯಾರದೆಂದು ಸರಿಯಾಗಿ ಗುರುತಿಸುತ್ತಾನೆಯೇ?

ಇದಕ್ಕಾಗಿ ಅಭ್ಯಾಸಗಳು ನಡೆಯುತ್ತವೆ. ಭೂಸೇನೆಯ ವಾಯುರಕ್ಷಣಾ ಕಾಲೇಜು ಒಡಿಶಾದ ಗೋಪಾಲಪುರದ ಕಡಲತೀರದಲ್ಲಿದೆ, ಅಲ್ಲಿ ಸಮುದ್ರದ ಕಡೆಗೆ ನಿಜ ಗುಂಡು ಹಾರಿಸಿ ಕಲಿಯುತ್ತಾರೆ. ಗುರಿಯಾಗಿ ಹಾರಿಸುವ ಚಾಲಕರಹಿತ ವಿಮಾನ ಲಕ್ಷ್ಯವನ್ನು ರೂಪಿಸಿದ್ದು ಬೆಂಗಳೂರಿನ ಎಡಿಇ. 2025ರ ಆಗಸ್ಟ್ 23ರಂದು ಒಡಿಶಾ ಕರಾವಳಿಯಲ್ಲಿ ಡಿಆರ್‌ಡಿಒ ಎರಡು ಬಗೆಯ ಕ್ಷಿಪಣಿ ಮತ್ತು ಒಂದು ಲೇಸರ್ ಆಯುಧವನ್ನು ಒಂದೇ ನಿಯಂತ್ರಣ ಕೇಂದ್ರದಡಿ ಜೋಡಿಸಿ, ಎರಡು ವೇಗದ ಚಾಲಕರಹಿತ ವಿಮಾನ ಮತ್ತು ಒಂದು ಸಣ್ಣ ಡ್ರೋನನ್ನು ಒಟ್ಟಿಗೆ ಹೊಡೆಯಿತು. ಒಳ್ಳೆಯ ಸುದ್ದಿಯೇ. ಆದರೆ "ಪರೀಕ್ಷೆ ಯಶಸ್ವಿ" ಎಂಬ ಸುದ್ದಿ ಓದುವಾಗ ಒಂದು ವಿಷಯ ಕೇಳಿಕೊಳ್ಳಿ: ಗುರಿ ಯಾವ ದಿಕ್ಕಿನಿಂದ, ಎಷ್ಟು ಹೊತ್ತಿಗೆ ಬರುತ್ತದೆಂದು ಹೊಡೆಯುವವರಿಗೆ ಮೊದಲೇ ಗೊತ್ತಿತ್ತೇ? ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಪರೀಕ್ಷೆಗೂ ಸಿಗದ ಪರೀಕ್ಷೆಗೂ ವ್ಯತ್ಯಾಸ ಇದೆಯಲ್ಲ. ಆಯುಧ ಕೆಲಸ ಮಾಡುತ್ತದೆ ಎಂದು ತೋರಿಸಲು ಮೊದಲನೆಯದು ಸಾಕು. ಸೇನೆ ಸಜ್ಜಾಗಿದೆ ಎನ್ನಲು ಎರಡನೆಯದು ಬೇಕು. ಅದೇ ತಿಂಗಳ 15ರಂದು ಪ್ರಧಾನಿ ಘೋಷಿಸಿದ ಸುದರ್ಶನ ಚಕ್ರ ಯೋಜನೆಗೆ ಇಟ್ಟಿರುವ ಗಡುವು 2035. ಇಡೀ ದೇಶದ ಮುಖ್ಯ ಸ್ಥಳಗಳಿಗೆ ರಕ್ಷಣೆ ಈಗಲೇ ಇದೆ ಎನ್ನುವ ಫಾರ್ವರ್ಡ್‌ಗಳಿಗೆ ಆ ಇಸವಿಯೇ ಉತ್ತರ.

ಲಾಂಚರ್‌ಗಳ ನಿಖರ ಸಂಖ್ಯೆ, ಉಳಿದ ಕ್ಷಿಪಣಿಗಳ ಲೆಕ್ಕ, ತುಕಡಿಗಳ ಜಾಗ ಇವನ್ನೆಲ್ಲ ಸೇನೆಗಳು ಗುಟ್ಟಾಗಿಯೇ ಇಡುತ್ತವೆ. ಆದ್ದರಿಂದ ಫಾರ್ವರ್ಡ್ ಒಂದರಲ್ಲಿ ಇಂಥ ಅಂಕಿ ತೀರಾ ಖಚಿತವಾಗಿದ್ದರೆ ಅದು ಊಹೆ. ಒಂದೊಮ್ಮೆ ನಿಜವಾಗಿದ್ದರೆ ಹಂಚಲೇಬಾರದ ಮಾಹಿತಿ. ಎರಡೂ ಸಂದರ್ಭದಲ್ಲಿ ಬೆರಳು ತಡೆಯಿರಿ. ಸೇನಾ ವಾಹನಗಳ ಸಾಲು ಕಂಡರೆ ವಿಡಿಯೊ ತೆಗೆದು ಸ್ಟೇಟಸ್‌ಗೆ ಹಾಕುವ ಅಭ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ.

ವಿಡಿಯೊಗಳದು ಇನ್ನೊಂದು ಕಥೆ. ರಾತ್ರಿಯ ಆಕಾಶದಲ್ಲಿ ಬೆಂಕಿಯ ಗೆರೆಗಳು, ಒಂದರ ಹಿಂದೊಂದು ಸ್ಫೋಟ, ಇಂಥ ಎಷ್ಟೋ ದೃಶ್ಯಗಳು ಆರ್ಮಾ 3 ಎಂಬ ವಿಡಿಯೊ ಗೇಮ್‌ನವು. ಆ ಆಟ ತಯಾರಿಸಿದ ಬೊಹೆಮಿಯಾ ಇಂಟರಾಕ್ಟಿವ್ ಕಂಪನಿಯೇ 2022ರ ನವೆಂಬರ್‌ನಲ್ಲಿ ತಮ್ಮ ಆಟದ ದೃಶ್ಯಗಳನ್ನು ನಿಜ ಯುದ್ಧವೆಂದು ಹಂಚುತ್ತಿದ್ದಾರೆ ಎಂದು ಎಚ್ಚರಿಸಿ, ಗುರುತಿಸುವ ಬಗೆಯನ್ನೂ ಹೇಳಿತು. ಬೇಕೆಂದೇ ಮಸುಕಾಗಿಸಿದ ಚಿತ್ರ, ಅಲುಗುವ ಕ್ಯಾಮೆರಾ, ರಾತ್ರಿಯ ಕತ್ತಲು, ಸದ್ದೇ ಇಲ್ಲದಿರುವುದು, ಮನುಷ್ಯರು ಕಾಣದಿರುವುದು, ಹೊಗೆ ಧೂಳು ಅಸಹಜವಾಗಿ ಚಲಿಸುವುದು.

ಕೊನೆಗೆ ನಮ್ಮ ಗದ್ದೆಗಳ ಮೇಲಿನ ಆಕಾಶ. ಮೇ 2025ರಲ್ಲಿ ಗಡಿ ದಾಟಿದ ಸಾಂಗರ್ ಬಗೆಯ ಡ್ರೋನ್‌ಗಳ ವ್ಯಾಪ್ತಿ ಕೆಲವೇ ಕಿಲೋಮೀಟರ್. ರಾಯಚೂರು ಜಿಲ್ಲೆ ಪಾಕಿಸ್ತಾನದ ಗಡಿಯಿಂದ ಸಾವಿರ ಕಿಲೋಮೀಟರಿಗೂ ದೂರ. ದೂರಗಾಮಿ ಕ್ಷಿಪಣಿಗಳ ಮಾತು ಬೇರೆ, ಆದರೆ ಅಂಥ ಸಣ್ಣ ಡ್ರೋನ್ ಗಡಿಯಾಚೆಯಿಂದ ಸಿಂಧನೂರಿನ ಕ್ಯಾಂಪುಗಳ ಮೇಲೆ ಬಂದು ನಿಲ್ಲಲಾರದು. ಇಲ್ಲಿ ಸಂಜೆ ಹೊತ್ತು ಗುಯ್‌ಗುಟ್ಟುತ್ತ ಕಾಣುವುದು ಬಹುಮಟ್ಟಿಗೆ ಎಣ್ಣೆ ಹೊಡೆಯುವ ಡ್ರೋನ್, ಮದುವೆಯ ಕ್ಯಾಮೆರಾ, ಇಲ್ಲವೇ ಊರಿನ ಆಸ್ತಿ ಅಳತೆಗೆ ಬಂದ ಸ್ವಾಮಿತ್ವ ಯೋಜನೆಯ ಸರ್ವೆ ಡ್ರೋನ್. ಸಾಲಾಗಿ ಸದ್ದಿಲ್ಲದೆ ಸಾಗುವ ಚುಕ್ಕಿಗಳಾದರೆ ಸ್ಟಾರ್‌ಲಿಂಕ್ ಉಪಗ್ರಹಗಳು. 2021ರ ಡ್ರೋನ್ ನಿಯಮಗಳ ಪ್ರಕಾರ ಗದ್ದೆಯ ಡ್ರೋನ್‌ಗೂ ನೋಂದಣಿ ಸಂಖ್ಯೆ ಇರಬೇಕು, ಎಲ್ಲಿ ಹಾರಿಸಬಹುದು ಎಂಬುದಕ್ಕೆ ಹಸಿರು, ಹಳದಿ, ಕೆಂಪು ವಲಯಗಳ ನಕಾಶೆ ಡಿಜಿಟಲ್ ಸ್ಕೈ ತಾಣದಲ್ಲಿದೆ. ಅದನ್ನೂ ಮೀರಿ ಅನುಮಾನ ಬಂದರೆ ಗುಂಪಿಗೆ ಹಾಕುವ ಮೊದಲು 112ಕ್ಕೆ ಕರೆ ಮಾಡಿ.